ಕೊಟ್ಟಿಗೆಗೆ ಹೋದ ನೆಲದ ಕೇಬಲ್ ಕೆಟ್ಟರೆ: ಗುದ್ದಲಿ ಹಿಡಿಯುವ ಮುಂಚೆ ನೋಡಬೇಕಾದ್ದು

ಹೋದ ವರ್ಷ ಮೃಗಶಿರ ಮಳೆ ಜೋರಾಗಿ ಹೊಡೆದ ಮರುದಿನ ಬೆಳಿಗ್ಗೆ ಅವ್ವ ಕೊಟ್ಟಿಗೆಯಿಂದ ಬಂದು, “ಎಮ್ಮಿ ಬಾನ್ಯಾಗಿನ ನೀರ ಕುಡೀವಲ್ದಪಾ, ಮೂತಿ ಹಚ್ಚಿ ಹಿಂದಕ್ಕ ಸರೀತೈತಿ” ಅಂದಳು. ಅದಕ್ಕೆ ಎರಡು ದಿನ ಮುಂಚಿನಿಂದ ಕೊಟ್ಟಿಗೆಯ ಬಲ್ಬು ಮಿಣುಕುತ್ತಿತ್ತು. ಹೋಲ್ಡರ್ ಸಡಿಲ ಆಗಿರಬೇಕು ಅಂದುಕೊಂಡು ಸುಮ್ಮನಿದ್ದೆ. ಅವ್ವನ ಮಾತು ಕೇಳಿದ ಕೂಡಲೇ ಓಡಿಹೋಗಿ ಮೇನ್ ಬಂದ್ ಮಾಡಿದೆ. ಸ್ವಲ್ಪ ಹೊತ್ತಿಗೆ ಎಮ್ಮೆ ಬಾನಿಗೆ ಬಾಯಿ ಹಾಕಿ ಗಟಗಟ ಕುಡಿಯಿತು.

ಆಮೇಲೆ ಇಡೀ ದಿನ ಅಂಗಳದ ನಡುವೆ ಅಗೆದೆ. ಅಲ್ಲಿ ಕೇಬಲ್ ಹೊಸದರ ಹಾಗೇ ಇತ್ತು. ದೋಷ ಸಿಕ್ಕಿದ್ದು ಬಾನಿಯಿಂದ ಎರಡು ಅಡಿ ದೂರದಲ್ಲಿ, ಐದು ವರ್ಷದ ಹಿಂದೆ ನಾನೇ ಬರೀ ಟೇಪ್ ಸುತ್ತಿ ಹೂತಿದ್ದ ಜಾಯಿಂಟಿನಲ್ಲಿ. ನೆಲದೊಳಗಿನ ದೋಷ ಕಣ್ಣಿಗೆ ಕಾಣುವುದಿಲ್ಲ ನಿಜ, ಆದರೆ ಅದು ಎರಡು ತುದಿಯಲ್ಲೂ ಗುರುತು ತೋರಿಸುತ್ತಲೇ ಇರುತ್ತದೆ. ಮನೆಯ ಕಡೆ ಒಂದಿಷ್ಟು, ಕೊಟ್ಟಿಗೆಯ ಕಡೆ ಒಂದಿಷ್ಟು ನೋಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಅಗೆಯದೆಯೇ ಮುಗಿಯುತ್ತದೆ. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಎರೆ ನೆಲದಲ್ಲಿ ಕೊಟ್ಟಿಗೆಗೋ, ಪಂಪ್‌ಸೆಟ್ ಕೋಣೆಗೋ, ಹಿತ್ತಲ ಶೆಡ್ಡಿಗೋ ಕೇಬಲ್ ಹೂತವರಿಗಾಗಿ ಇದನ್ನು ಬರೆದಿದ್ದೇನೆ.

ಕೈ ಹಾಕುವ ಮುಂಚೆ

ನಮ್ಮ ಕಡೆ ಬಹಳ ಜನ ಮಾಡುವ ತಪ್ಪು ಒಂದಿದೆ. “ಈಗ ಕರೆಂಟ್ ಇಲ್ಲ, ಬೇಗ ನೋಡಿಬಿಡೋಣ” ಅಂತ ಡಬ್ಬಿ ಬಿಚ್ಚುತ್ತಾರೆ. ಕರೆಂಟ್ ಹೋಗಿದೆ ಅಂದರೆ ಲೈನ್ ಬಂದ್ ಆಗಿದೆ ಅಂತ ಅಲ್ಲ. ಪಾಳಿ ಲೆಕ್ಕದಲ್ಲಿ ಕರೆಂಟ್ ಕೊಡುವ ಊರುಗಳಲ್ಲಿ ಅದು ಯಾವ ಗಳಿಗೆಯಲ್ಲಾದರೂ ಬರಬಹುದು. ಆದ್ದರಿಂದ ಮೊದಲು ಮನೆಯ ಮೇನ್ ಬಂದ್ ಮಾಡಿ. ಫ್ಯೂಸ್ ಕಟೌಟ್ ಇದ್ದರೆ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. “ಲೈನ್ ಮೇಲೆ ಕೆಲಸ ನಡೆದಿದೆ, ಹಚ್ಚಬೇಡಿ” ಅಂತ ಮನೆಯ ಎಲ್ಲರಿಗೂ ಹೇಳಿ. ಟೆಸ್ಟರನ್ನು ಮೇನ್ ಬಂದ್ ಮಾಡುವ ಮುಂಚೆಯೇ ಕರೆಂಟ್ ಇರುವ ಸಾಕೆಟ್ಟಿನಲ್ಲಿ ಹಚ್ಚಿ, ಅದು ಬೆಳಗುತ್ತದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಬಂದ್ ಆದ ಲೈನಿಗೆ ಹಿಡಿಯಿರಿ. ಕೆಟ್ಟ ಟೆಸ್ಟರ್ ಕೂಡ ಕತ್ತಲಾಗಿಯೇ ಇರುತ್ತದಲ್ಲ. ಒದ್ದೆ ನೆಲದಲ್ಲಿ, ಬರಿಗಾಲಲ್ಲಿ, ಮಳೆ ಹನಿಯುವಾಗ ಈ ಕೆಲಸ ಬೇಡವೇ ಬೇಡ.

ಮೀಟರಿನ ಆಚೆ ಕಡೆ ಕಂಬದಿಂದ ಬರುವ ಸರ್ವಿಸ್ ವೈರು ನಮ್ಮದಲ್ಲ, ಕರೆಂಟ್ ಕೊಡುವ ಕಂಪನಿ ಜೆಸ್ಕಾಂನದು. ಅಲ್ಲಿ ದೋಷ ಇದ್ದರೆ 1912ಕ್ಕೆ ಫೋನ್ ಮಾಡಿ ಅಥವಾ ಲೈನ್‌ಮನ್‌ಗೆ ಹೇಳಿ. ಕಂಬ ಹತ್ತುವ ಯೋಚನೆ ಮನೆಯ ಯಾರಿಗೂ ಬರಬಾರದು.

ದನ ನೀರು ಕುಡಿಯುತ್ತಿಲ್ಲ, ನಲ್ಲಿ ಜುಮ್ ಅನ್ನುತ್ತದೆ, ತಗಡು ಶಾಕ್ ಹೊಡೆಯುತ್ತದೆ

ಈ ಗುರುತು ಕಂಡರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಮೇನ್ ಬಂದ್ ಮಾಡಿ, ದನಗಳನ್ನು ಬಿಚ್ಚಿ ಆಚೆ ಕಟ್ಟಿ.

ಕೇಬಲ್ಲಿನ ಮೇಲ್ಪದರ ಹರಿದು ಫೇಸ್ ತಂತಿ (ಕರೆಂಟು ತರುವ ತಂತಿ) ಹಸಿ ಮಣ್ಣಿಗೆ ತಾಗಿದರೆ ಕರೆಂಟು ಸುತ್ತಲಿನ ನೆಲಕ್ಕೆ ಹರಡುತ್ತದೆ. ದೋಷದ ಜಾಗದಲ್ಲಿ ವೋಲ್ಟೇಜ್ ಹೆಚ್ಚು, ದೂರ ಸರಿದಂತೆ ಕಡಿಮೆ. ಮನುಷ್ಯ ನಿಂತಾಗ ಎರಡು ಪಾದದ ನಡುವೆ ಅಂತರ ಸ್ವಲ್ಪ, ಕಾಲಲ್ಲಿ ಚಪ್ಪಲಿಯೂ ಇರುತ್ತದೆ. ಎಮ್ಮೆಯ ಮುಂಗಾಲಿಗೂ ಹಿಂಗಾಲಿಗೂ ಐದಡಿಯಷ್ಟು ಅಂತರ, ಕಾಲು ಸದಾ ಸಗಣಿ ಗಂಜಲದಲ್ಲಿ ಒದ್ದೆ. ಮುಂಗಾಲಿನಿಂದ ಹಿಂಗಾಲಿಗೆ ಹರಿಯುವ ಕರೆಂಟು ಎದೆಯ ಮೂಲಕವೇ ಹೋಗಬೇಕು. ನಮಗೆ ಏನೂ ಗೊತ್ತಾಗದ ಕಡೆ ದನ ಸಾಯುವುದು ಇದೇ ಕಾರಣಕ್ಕೆ. ಬಾನಿಗೆ ಮೂತಿ ಹಚ್ಚಿ ಹಿಂದೆ ಸರಿಯುವುದು, ಕೊಟ್ಟಿಗೆಯ ಹೊಸ್ತಿಲಲ್ಲಿ ನಿಂತುಬಿಡುವುದು, ಹಾಲು ಕರೆಯುವಾಗ ಕಾಲು ಕುಣಿಸುವುದು ಕಂಡರೆ ದನಕ್ಕೆ ರೋಗ ಅಂದುಕೊಳ್ಳುವ ಮುಂಚೆ ಒಂದು ಸಲ ಮೇನ್ ಬಂದ್ ಮಾಡಿ ನೋಡಿ.

“ಶಾಕ್ ಇದ್ದರೆ ಎಂಸಿಬಿ ತಾನೇ ಬೀಳುತ್ತಿತ್ತಲ್ಲ?” ಅಂತ ಕೇಳುವವರು ಬಹಳ. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ಲೈನನ್ನು ತಾನೇ ಕಡಿಯುವ ಬೋರ್ಡಿನ ಸ್ವಿಚ್. ಬೀಳುವುದಿಲ್ಲ. ನೆಲದ ಮೂಲಕ ವಾಪಸು ಹೋಗುವ ದಾರಿಯ ತಡೆ 20 ಓಮ್ ಇದೆ ಅಂದುಕೊಳ್ಳಿ. 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದು ಮಾಮೂಲಿ ಲೋಡ್. ಅದು ದಿನಗಟ್ಟಲೆ ಹಾಗೇ ನಿಂತಿರುತ್ತದೆ, ನೆಲ ಜೀವ ತೆಗೆಯುತ್ತಿರುತ್ತದೆ. ಇಲ್ಲಿ ಜೀವ ಕಾಯುವುದು 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟು ಮಣ್ಣಿಗೆ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಮಾತ್ರ. ಅದು ಇಲ್ಲದ ಕೊಟ್ಟಿಗೆ ಲೈನಿಗೆ ಮೊದಲು ಅದನ್ನು ಹಾಕಿಸಿ, ಉಳಿದ ಖರ್ಚು ಆಮೇಲೆ.

ಅಂಗಳ ಎಲ್ಲ ಹಸಿ ಇದ್ದು ಒಂದು ಕಡೆ ಮಾತ್ರ ಮಣ್ಣು ಒಣಗಿದ್ದರೆ, ಹಬೆ ಆಡಿದರೆ, ಸುಟ್ಟ ವಾಸನೆ ಬಂದರೆ ಅದರ ಹತ್ತಿರಕ್ಕೂ ಹೋಗಬೇಡಿ. ಬಿಸಿ ಇದೆಯಾ ಅಂತ ಅಂಗೈ ಹಚ್ಚಿ ನೋಡುವುದಂತೂ ಮೇನ್ ಬಂದ್ ಮಾಡುವ ತನಕ ಕೂಡದು.

ಯಾರಾದರೂ ಶಾಕ್ ಹೊಡೆದು ಬಿದ್ದರೆ ಅವರನ್ನು ಮುಟ್ಟುವ ಮುಂಚೆ ಮೇನ್ ಬಂದ್ ಮಾಡಬೇಕು. ಮೇನ್ ದೂರ ಇದ್ದರೆ ಒಣ ಕಟ್ಟಿಗೆಯಿಂದ ತಂತಿ ಸರಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಮನೆಯಲ್ಲಿ ಕರೆಂಟ್ ಇದೆ, ಕೊಟ್ಟಿಗೆ ಪೂರ್ತಿ ಕತ್ತಲು

ಬಲ್ಬು ಬದಲಿಸಿ ನೋಡಿ. ನಗಬೇಡಿ, ಬಹಳ ಸಲ ಅಷ್ಟರಲ್ಲೇ ಮುಗಿದಿದೆ. ಆಮೇಲೆ ಮನೆಯ ಬೋರ್ಡಿನಲ್ಲಿ ಕೊಟ್ಟಿಗೆಗೆ ಹೋಗುವ ಎಂಸಿಬಿ ನಡುವೆ ನಿಂತಿದೆಯಾ ನೋಡಿ. ಕೆಲವು ಎಂಸಿಬಿ ಬಿದ್ದರೂ ಪೂರ್ತಿ ಕೆಳಗೆ ಬರುವುದಿಲ್ಲ. ಅದನ್ನು ಕೆಳಗೆ ಒತ್ತಿ ಮತ್ತೆ ಮೇಲೆತ್ತಬೇಕು.

ಎಂಸಿಬಿ ಮೇಲೇ ನಿಂತಿದ್ದೂ ಆ ಕಡೆ ಕತ್ತಲಾದರೆ ಮೇನ್ ಬಂದ್ ಮಾಡಿ ಎರಡೂ ತುದಿಯ ಡಬ್ಬಿ ತೆರೆಯಿರಿ. ಅಲ್ಯೂಮಿನಿಯಂ ತಂತಿಯನ್ನು ಹಿತ್ತಾಳೆ ಸ್ಕ್ರೂ ಕೆಳಗೆ ಹಾಗೇ ಬಿಗಿದಿದ್ದರೆ ಅದು ವರ್ಷಕ್ಕೊಮ್ಮೆ ಸಡಿಲಾಗುತ್ತದೆ. ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಮೇಲೆ ಬಿಳಿ ಪದರ ಕಟ್ಟುತ್ತದೆ. ಕಪ್ಪಾದ ಸ್ಕ್ರೂ, ಕರಗಿದ ಪ್ಲಾಸ್ಟಿಕ್, ಇರುವೆ ಗೂಡು, ಹಲ್ಲಿ ಸತ್ತು ಅಂಟಿದ್ದು, ಇವೆಲ್ಲ ಮೇಲೆಯೇ ಸಿಗುವ ದೋಷ. ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಲಗ್ (ತಂತಿಯ ತುದಿಗೆ ಹಾಕುವ ಲೋಹದ ಟೋಪಿ) ಒತ್ತಿ ಬಿಗಿದರೆ ಲೈಟು ಹತ್ತುತ್ತದೆ.

ಎರಡೂ ತುದಿ ಚೊಕ್ಕ ಇದ್ದರೆ ತಂತಿ ಒಳಗೆ ತುಂಡಾಗಿದೆ. ಇದಕ್ಕೆ ಮುಂಚೆ ಕೆಲವು ವಾರ ಎಂಸಿಬಿ ಬೀಳುತ್ತಿತ್ತಾ, ಲೈಟು ಮಿಣುಕುತ್ತಿತ್ತಾ ನೆನಪಿಸಿಕೊಳ್ಳಿ. ಅಲ್ಯೂಮಿನಿಯಂ ತಂತಿಗೆ ನೀರು ತಾಗಿದರೆ ಮೊದಲು ನೆಲಕ್ಕೆ ಸೋರುತ್ತದೆ, ಸೋರುತ್ತಾ ಸೋರುತ್ತಾ ತಂತಿಯೇ ಬಿಳಿ ಪುಡಿಯಾಗಿ ಕರಗುತ್ತದೆ, ಕೊನೆಗೆ ತುಂಡಾಗುತ್ತದೆ. ಹಾಗಾಗಿ ತಾನೇ ಸತ್ತುಹೋದ ಲೈನ್ ಬಹಳ ಸಲ ಹಿಂದೆ ಸೋರಿದ ಲೈನೇ. ತುಂಡಾದ ಫೇಸ್ ತುದಿ ಈಗಲೂ ಮಣ್ಣಿನಲ್ಲಿ ಜೀವಂತ ಇರಬಹುದು. ದುರಸ್ತಿ ಆಗುವ ತನಕ ಮನೆಯ ಕಡೆಯಿಂದ ಕೇಬಲ್ ಬಿಚ್ಚಿಯೇ ಇಡಿ.

ಟೆಸ್ಟರ್ ಬೆಳಗುತ್ತದೆ, ಬಲ್ಬು ಹತ್ತುವುದಿಲ್ಲ

ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಬೆಳಗಿದರೆ ನ್ಯೂಟ್ರಲ್, ಅಂದರೆ ಕರೆಂಟು ವಾಪಸು ಹೋಗುವ ತಂತಿ, ಕಡಿದಿದೆ. ಫೇಸ್ ಬಂದು, ಹಚ್ಚಿಟ್ಟ ಬಲ್ಬಿನ ಮೂಲಕ ದಾಟಿ, ನ್ಯೂಟ್ರಲ್ ತಂತಿಗೂ ಏರಿ ಅಲ್ಲೇ ನಿಂತಿರುತ್ತದೆ. “ಕರಿ ವೈರ್ ಅಲ್ವಾ, ನ್ಯೂಟ್ರಲ್ಲು, ಏನಾಗಲ್ಲ” ಅಂತ ಮುಟ್ಟಿದವರು ಸತ್ತಿದ್ದಾರೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಸ್ಪಷ್ಟ. ಫೇಸ್‌ನಿಂದ ಅರ್ಥ್‌ಗೆ 230ರ ಹತ್ತಿರ, ಫೇಸ್‌ನಿಂದ ನ್ಯೂಟ್ರಲ್‌ಗೆ 40, 70, 110 ಅಂತ ನಿಲ್ಲದೆ ಕುಣಿದರೆ ನ್ಯೂಟ್ರಲ್ ತೇಲುತ್ತಿದೆ. ಹೂತ ಕೇಬಲ್ಲಿನಲ್ಲಿ ಪಕ್ಕದ ತಂತಿಯಿಂದ ಹಾರಿ ಬರುವ ಸುಳ್ಳು ವೋಲ್ಟೇಜೂ ಡಿಜಿಟಲ್ ಮೀಟರಿನಲ್ಲಿ ಹೀಗೇ ಕಾಣುತ್ತದೆ. ಹಳೆಯ ಕಾಲದ 100 ವ್ಯಾಟಿನ ತಂತಿ ಬಲ್ಬನ್ನು ಫೇಸ್ ನ್ಯೂಟ್ರಲ್ ನಡುವೆ ಹಚ್ಚಿ ಅಳೆದರೆ ಸುಳ್ಳು ವೋಲ್ಟೇಜು ಬಿದ್ದುಹೋಗುತ್ತದೆ, ನಿಜವಾದದ್ದು ಉಳಿಯುತ್ತದೆ.

ಇಲ್ಲಿ ನಮ್ಮ ಹಳ್ಳಿಗಳ ಒಂದು ಚಾಳಿಯ ಬಗ್ಗೆ ಹೇಳಲೇಬೇಕು. ನ್ಯೂಟ್ರಲ್ ಹೋದಾಗ ಒಂದು ಸಲಾಕೆ ನೆಲಕ್ಕೆ ಹೊಡೆದು, ಅದಕ್ಕೆ ವೈರ್ ಕಟ್ಟಿ, “ಅರ್ಥ್ ಮೇಲೆ” ಬಲ್ಬು ಹಚ್ಚುತ್ತಾರೆ. ಬಲ್ಬು ಹತ್ತುತ್ತದೆ, ಸಲಾಕೆಯೂ ಅದರ ಸುತ್ತಲಿನ ನೆಲವೂ ಕರೆಂಟ್ ಹೊತ್ತಿರುತ್ತವೆ. ಎರೆ ನೆಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಸಲಾಕೆಗೆ ಮಣ್ಣು ಸರಿಯಾಗಿ ತಾಗುವುದೇ ಇಲ್ಲ. ಆಗ ಪೂರ್ತಿ ವೋಲ್ಟೇಜು ಸಲಾಕೆಯ ಮೇಲೇ ನಿಲ್ಲುತ್ತದೆ. ಓಡಾಡುವ ಮಗು ಅದನ್ನು ಹಿಡಿದರೆ ಮುಗಿಯಿತು. ಒಂದು ರಾತ್ರಿ ಬೆಳಕು ಬೇಕಾದರೆ ಬ್ಯಾಟರಿಯೋ ಸೋಲಾರ್ ಲಾಟೀನೋ ಸಾಕು.

ಎಂಸಿಬಿ ಅಥವಾ ಇಎಲ್‌ಸಿಬಿ ಪದೇ ಪದೇ ಬೀಳುತ್ತದೆ

ಯಾವುದು ಬಿತ್ತು ಅನ್ನುವುದೇ ಅರ್ಧ ಉತ್ತರ. ಎಂಸಿಬಿ ಎತ್ತಿದ ಕ್ಷಣವೇ ಟಪ್ ಅಂದರೆ ಫೇಸ್ ನ್ಯೂಟ್ರಲ್ ಒಂದಕ್ಕೊಂದು ತಾಗಿವೆ ಅಥವಾ ಫೇಸ್ ಕೇಬಲ್ಲಿನ ಉಕ್ಕಿನ ಕವಚಕ್ಕೆ ತಾಗಿದೆ. ಸ್ವಲ್ಪ ಹೊತ್ತು ನಿಂತು ಬಿದ್ದರೆ ಲೋಡ್ ಹೆಚ್ಚು, ಅಥವಾ ಎಂಸಿಬಿಯ ಸ್ಕ್ರೂವೇ ಸಡಿಲಾಗಿ ಬಿಸಿಯಾಗುತ್ತಿದೆ. ಇಎಲ್‌ಸಿಬಿ ಮಾತ್ರ ಬಿದ್ದರೆ ಕರೆಂಟು ಮಣ್ಣಿಗೆ ಸೋರುತ್ತಿದೆ.

ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಮೆಷಿನ್, ಮೋಟಾರು, ಬಲ್ಬು ಎಲ್ಲ ಬಿಚ್ಚಿ ಎತ್ತಿ ನೋಡಿ. ನಿಂತರೆ ದೋಷ ಅವುಗಳಲ್ಲಿ ಒಂದರದು, ಕೇಬಲ್ಲಿನದಲ್ಲ. ಇನ್ನೂ ಬಿದ್ದರೆ ಮೇನ್ ಬಂದ್ ಮಾಡಿ ಮನೆಯ ಬೋರ್ಡಿನಲ್ಲಿ ಕೇಬಲ್ಲಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬಿಚ್ಚಿ, ಬಿಚ್ಚಿದ ತುದಿಗಳನ್ನು ಬೇರೆ ಬೇರೆ ಟೇಪ್ ಮಾಡಿ ಮತ್ತೆ ಎತ್ತಿ. ಈಗ ನಿಂತರೆ ದೋಷ ಕೇಬಲ್ಲಿನಲ್ಲಿದೆ.

ಎರಡನ್ನೂ ಅಂತ ಒತ್ತಿ ಹೇಳಲು ಕಾರಣ ಇದೆ. ಒಂಟಿ ಎಂಸಿಬಿ ಕಡಿಯುವುದು ಫೇಸ್ ಮಾತ್ರ. ನೆಲದೊಳಗೆ ನ್ಯೂಟ್ರಲ್ ಮಣ್ಣಿಗೆ ತಾಗಿದ್ದರೆ ಕೊಟ್ಟಿಗೆಯ ಎಂಸಿಬಿ ಇಳಿಸಿಟ್ಟರೂ, ಮನೆಯಲ್ಲಿ ಮಿಕ್ಸಿ ಹಚ್ಚಿದ ಕೂಡಲೇ ಇಎಲ್‌ಸಿಬಿ ಬೀಳುತ್ತದೆ. ಜನ ಮಿಕ್ಸಿ ಬದಲಿಸುತ್ತಾರೆ, ಇಎಲ್‌ಸಿಬಿ ಬದಲಿಸುತ್ತಾರೆ, ಕೊನೆಗೆ “ಇದರ ಕಾಟವೇ ಬೇಡ” ಅಂತ ಇಎಲ್‌ಸಿಬಿಯನ್ನೇ ತೆಗೆದು ನೇರ ಜೋಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸ್ ಹಾರುತ್ತದೆ ಅಂತ ದಪ್ಪ ತಂತಿ ಸುತ್ತುವುದೂ ಇದೇ ಜಾತಿಯ ತಪ್ಪು. ಒಂದು ಸಲ ಎತ್ತಿ ನೋಡಿ, ಎರಡನೆಯ ಸಲವೂ ಬಿದ್ದರೆ ಮೂರನೆಯ ಸಲ ಎತ್ತಬೇಡಿ. ಪ್ರತಿ ಸಲ ಎತ್ತಿದಾಗಲೂ ದೋಷದ ಜಾಗದಲ್ಲಿ ಕಿಡಿ ಹಾರಿ ಕೇಬಲ್ ಇನ್ನಷ್ಟು ಸುಡುತ್ತದೆ.

ಮಳೆ ಬಂದಾಗ ಮಾತ್ರ, ಇಲ್ಲವೇ ಕಾಲುವೆಗೆ ನೀರು ಬಿಟ್ಟು ಪಕ್ಕದ ಗದ್ದೆಯಲ್ಲಿ ನೀರು ನಿಂತಾಗ ಮಾತ್ರ ಬೀಳುತ್ತಿದ್ದರೆ ಎಲ್ಲೋ ಒಂದು ಸಣ್ಣ ಗಾಯ ನೀರು ಕುಡಿಯುತ್ತಿದೆ. ಬಿಸಿಲು ಬಂದ ಮೇಲೆ ತಾನೇ ಸರಿಹೋಯಿತು ಅಂತ ಮರೆಯಬೇಡಿ.

ಬಲ್ಬು ಮಂಕು, ಮೋಟಾರ್ ಗುಂಯ್ ಅಂತ ನಿಲ್ಲುತ್ತದೆ

ಲೆಕ್ಕ ಹಾಕಿ ನೋಡಬೇಕು. 2.5 ಚದರ ಮಿ.ಮೀ. ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ತಡೆ. ಕೊಟ್ಟಿಗೆ 100 ಮೀಟರ್ ದೂರ ಇದ್ದರೆ ಹೋಗಿ ಬರುವ ದಾರಿ 200 ಮೀಟರ್, ತಡೆ ಸುಮಾರು 2.4 ಓಮ್. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಓಡುವಾಗ 7 ಆಂಪಿಯರ್ ಎಳೆದರೆ ದಾರಿಯಲ್ಲೇ 17 ವೋಲ್ಟ್ ಹೋಗುತ್ತದೆ. ಶುರುವಾಗುವಾಗ 30 ಆಂಪಿಯರ್ ಎಳೆದರೆ 70ಕ್ಕೂ ಮೇಲೆ. 230ರಲ್ಲಿ ಉಳಿಯುವುದು 158. ಮೋಟಾರ್ ಏಳುವುದಿಲ್ಲ, ಸುತ್ತಿನ ತಂತಿ ಸುಡುತ್ತದೆ. ಇಲ್ಲಿ ಕೇಬಲ್ ಕೆಟ್ಟಿಲ್ಲ, ಸಣ್ಣದಾಗಿದೆ. 10 ಚದರ ಮಿ.ಮೀ. ಹಾಕಿದ್ದರೆ ಶುರುವಿನಲ್ಲೂ 19 ವೋಲ್ಟಿಗಿಂತ ಹೆಚ್ಚು ಬೀಳುತ್ತಿರಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಮೆಷಿನ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗುವ ಹಿತ್ತಲ ಶೆಡ್ಡಿಗೂ ಇದೇ ಲೆಕ್ಕ.

ಮೊದಲು ಲೋಡ್ ಇಲ್ಲದೆ, ಆಮೇಲೆ ಲೋಡ್ ಹಾಕಿ ಎರಡೂ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಮನೆಯಲ್ಲೇ 190 ಇದ್ದರೆ ಕೇಬಲ್ಲಿಗೆ ಬೈದು ಪ್ರಯೋಜನ ಇಲ್ಲ, ಅದು ಟ್ರಾನ್ಸ್‌ಫಾರ್ಮರ್ ಕಡೆಯ ಸಮಸ್ಯೆ. ಮನೆಯಲ್ಲಿ ಸರಿ ಇದ್ದು ಕೊಟ್ಟಿಗೆಯಲ್ಲಿ ಲೆಕ್ಕಕ್ಕಿಂತ ಬಹಳ ಹೆಚ್ಚು ಬಿದ್ದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ. ಬೆರಳು ಗಾತ್ರದ ಜಾಯಿಂಟಿನಲ್ಲಿ 10 ವೋಲ್ಟ್ ಹೆಚ್ಚುವರಿ ಬಿದ್ದು 7 ಆಂಪಿಯರ್ ಹರಿದರೆ ಅಲ್ಲಿ 70 ವ್ಯಾಟ್ ಶಾಖ. ಬಣವೆಯ ಪಕ್ಕದ ಡಬ್ಬಿಯಲ್ಲಿ ಅದು ಇದ್ದರೆ ಬೆಂಕಿ ಅಂತಲೇ ತಿಳಿಯಿರಿ.

ಕೆಲವು ಬಲ್ಬು ಮಂಕು, ಕೆಲವು ಕಣ್ಣು ಕುಕ್ಕುವಷ್ಟು ಬೆಳಕು ಅಂದರೆ ತ್ರೀ ಫೇಸ್ ಲೈನಿನ ನ್ಯೂಟ್ರಲ್ ಹೋಗಿದೆ. ಎಲ್ಲ ಕೂಡಲೇ ಬಂದ್ ಮಾಡಿ, ಟಿವಿ ಫ್ರಿಜ್ ಪ್ಲಗ್ ಕಿತ್ತು, 1912ಕ್ಕೆ ತಿಳಿಸಿ.

ಬಿಲ್ಲು ಸುಮ್ಮನೆ ಏರಿದೆ

ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಪ್ಲಗ್ಗೂ ತೆಗೆದು, ಮೀಟರಿನ ಕೆಂಪು ದೀಪ ನೋಡಿ. ಮಿನುಗುತ್ತಲೇ ಇದ್ದರೆ ಕೊಟ್ಟಿಗೆಯ ಕೇಬಲ್ ಬಿಚ್ಚಿ ಮತ್ತೆ ನೋಡಿ. ಒಂದು ಆಂಪಿಯರ್ ಹಗಲೂ ರಾತ್ರಿ ಮಣ್ಣಿಗೆ ಸೋರಿದರೆ ತಿಂಗಳಿಗೆ 165 ಯೂನಿಟ್ ಆಗುತ್ತದೆ.

ಮೆಗ್ಗರ್ ಹಿಡಿಯುವವರನ್ನು ಕರೆಯುವ ಹೊತ್ತು

ದೋಷ ಕೇಬಲ್ಲಿನಲ್ಲೇ ಇದೆ ಅಂತ ಖಾತ್ರಿ ಆದ ಮೇಲೆ ಮುಂದಿನದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಎರಡೂ ತುದಿ ಬಿಚ್ಚಿ, 500 ವೋಲ್ಟಿನ ಮೆಗ್ಗರಿನಿಂದ (ತಂತಿಯ ಮೇಲ್ಪದರ ಕರೆಂಟು ಸೋರದಂತೆ ಎಷ್ಟು ತಡೆಯುತ್ತದೆ ಅಂತ ಅಳೆಯುವ ಉಪಕರಣ) ಫೇಸ್ ನ್ಯೂಟ್ರಲ್ ನಡುವೆ, ಆಮೇಲೆ ಒಂದೊಂದನ್ನೂ ಕವಚದ ಜೊತೆ ಒಂದು ನಿಮಿಷ ಅಳೆಯುತ್ತಾರೆ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಲೈನ್ ಹಚ್ಚುವ ಹಾಗಿಲ್ಲ. ಒಳ್ಳೆಯ ಕೇಬಲ್ ನೂರಾರು ತೋರಿಸುತ್ತದೆ. ಒಂದೂವರೆ, ಎರಡು ಬಂದರೆ ಇವತ್ತು ಪಾಸು, ಮುಂದಿನ ಮಳೆಗೆ ಗ್ಯಾರಂಟಿ ಇಲ್ಲ. ಅಳೆಯುವ ಮುಂಚೆ ಎಲ್‌ಇಡಿ ಬಲ್ಬು, ಚಾರ್ಜರ್ ಎಲ್ಲ ಬಿಚ್ಚಿರಬೇಕು, ಇಲ್ಲದಿದ್ದರೆ ಅವು ಸುಡುತ್ತವೆ. ಅಳೆದ ಮೇಲೆ ಕೇಬಲ್ಲಿನಲ್ಲಿ ಉಳಿದ ಚಾರ್ಜ್ ಇಳಿಸದೆ ತುದಿ ಮುಟ್ಟಬಾರದು.

ಎಲ್ಲಿ ಅಗೆಯಬೇಕು

ಮೊದಲು ನೆನಪು ಅಗೆಯಿರಿ. ಈ ದಾರಿಯಲ್ಲಿ ಯಾರು ಬೇಲಿ ಕಂಬ ನೆಟ್ಟರು, ತೆಂಗಿನ ಗುಂಡಿ ತೋಡಿದರು, ಪೈಪ್ ಹಾಕಿಸಿದರು, ಜೆಸಿಬಿ ಯಾವಾಗ ಬಂದಿತ್ತು? ಕೇಬಲ್ ಮೇಲೇಳುವ ಎರಡೂ ತುದಿ ನೋಡಿ. ಪೈಪಿನ ಬಾಯಿ ತೆರೆದಿದ್ದರೆ ಹೆಗ್ಗಣ ಒಳಗೆ ಹೋಗಿ ಕಡಿದಿರುತ್ತದೆ. ಎರೆ ನೆಲದಲ್ಲಿ ಇನ್ನೊಂದು ವಿಶೇಷ ಇದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಕೂಡಿಕೊಳ್ಳುತ್ತದೆ. ಬಿಗಿಯಾಗಿ ಎಳೆದು ಹೂತ ಕೇಬಲನ್ನು ಆ ನೆಲ ಪ್ರತಿ ವರ್ಷ ಜಗ್ಗುತ್ತದೆ, ಜಗ್ಗಿದಾಗ ಮೊದಲು ಸೋಲುವುದು ಜಾಯಿಂಟ್. ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ, ಅಲ್ಲಿ ಚೂಪು ಕಲ್ಲಿನ ಕಾಟ.

ತಂತಿ ಚೊಕ್ಕವಾಗಿ ತುಂಡಾಗಿದ್ದರೆ ಒಂದು ಅಗ್ಗದ ಉಪಾಯ ಇದೆ. ಕೆಪ್ಯಾಸಿಟೆನ್ಸ್ (ತಂತಿ ಹಿಡಿದಿಡುವ ಚಾರ್ಜಿನ ಅಳತೆ, ತಂತಿ ಉದ್ದ ಇದ್ದಷ್ಟೂ ಹೆಚ್ಚು) ಅಳೆಯುವ ಮಲ್ಟಿಮೀಟರ್ ಸಾಕು. ಎರಡೂ ತುದಿ ಬಿಚ್ಚಿ, ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ತುಂಡಾದ ತಂತಿಗೂ ಕವಚಕ್ಕೂ ನಡುವೆ ಮನೆಯ ಕಡೆಯಿಂದ ಅಳೆಯಿರಿ, ಆಮೇಲೆ ಕೊಟ್ಟಿಗೆಯ ಕಡೆಯಿಂದ. ಮನೆಯ ಕಡೆ 6 ನ್ಯಾನೊಫ್ಯಾರಡ್, ಆ ಕಡೆ 14 ಬಂದರೆ ಒಟ್ಟು 20ರಲ್ಲಿ 6, ಅಂದರೆ 100 ಮೀಟರ್ ಕೇಬಲ್ಲಿನಲ್ಲಿ ಮನೆಯಿಂದ 30 ಮೀಟರಿಗೆ ತುಂಡು. ನೀರು ಹೊಕ್ಕು ಸೋರುತ್ತಿರುವ ಕೇಬಲ್ಲಿಗೆ ಇದು ನಡೆಯುವುದಿಲ್ಲ. ಅದಕ್ಕೆ ದೋಷದ ಜಾಗ ಅಳೆದು ಹೇಳುವ ಬ್ರಿಡ್ಜ್ ಅಥವಾ ಫಾಲ್ಟ್ ಲೊಕೇಟರ್ ಉಪಕರಣ ಇರುವವರು ಬೇಕು. ನಡುವೆ ಜಂಕ್ಷನ್ ಡಬ್ಬಿ ಇದ್ದರೆ ಅಲ್ಲಿ ಬಿಚ್ಚಿ ಎರಡು ಅರ್ಧವನ್ನೂ ಬೇರೆ ಬೇರೆ ಮೆಗ್ಗರ್ ಮಾಡಿಸಿ. ಕೆಟ್ಟ ಅರ್ಧ ತಾನೇ ಗೊತ್ತಾಗುತ್ತದೆ.

ಅಗೆಯುವಾಗ ಹಾರೆ, ಪಿಕಾಸಿ ಬೇಡ. ಕೊನೆಯ ಒಂದಡಿ ಮಣ್ಣನ್ನು ಕುರ್ಚಗಿಯಿಂದ, ಕೈಯಿಂದ ತೆಗೆಯಿರಿ. ಪಕ್ಕದಲ್ಲಿ ಬೇರೆ ಯಾರದೋ ಪಂಪ್‌ಸೆಟ್ ಕೇಬಲ್ ಇದ್ದರೆ ಅದು ಜೀವಂತ ಇರುತ್ತದೆ ಅನ್ನುವ ಎಚ್ಚರ ಇರಲಿ.

ಜಾಯಿಂಟ್ ಮಾಡಿಸುವುದಾ, ಹೊಸದು ಹಾಕುವುದಾ

ಉಕ್ಕಿನ ಕವಚ ಇರುವ ಕೇಬಲ್, ಗಾಯ ಒಂದೇ ಕಡೆ, ಉಳಿದದ್ದಕ್ಕೆ ಮೆಗ್ಗರ್ ಚೆನ್ನಾಗಿದೆ ಅಂದರೆ ರೆಸಿನ್ ತುಂಬುವ ಅಥವಾ ಶಾಖಕ್ಕೆ ಬಿಗಿಯುವ ಜಾಯಿಂಟ್ ಕಿಟ್ ಹಾಕಿಸಿ. ಕವಚವನ್ನೂ ಜಾಯಿಂಟಿನ ಆಚೆ ಈಚೆ ಜೋಡಿಸಲೇಬೇಕು, ಕೊಟ್ಟಿಗೆಯ ಅರ್ಥ್ ಅದರ ಮೇಲೇ ನಿಂತಿರುತ್ತದೆ. ಕಪ್ಪು ಟೇಪ್ ಸುತ್ತಿ ಹೂಳುವುದು ಎಷ್ಟು ದಿನ ಬಾಳುತ್ತದೆ ಅಂತ ನಮ್ಮ ಎಮ್ಮೆ ನನಗೆ ತೋರಿಸಿದೆ. ಕವಚ ಇಲ್ಲದ ಮನೆ ವೈರನ್ನು ಹಾಗೇ ಹೂತಿದ್ದರೆ, ಅಥವಾ ಎರಡು ಕಡೆಗಿಂತ ಹೆಚ್ಚು ಗಾಯ ಇದ್ದರೆ ದುರಸ್ತಿಗೆ ದುಡ್ಡು ಹಾಕಬೇಡಿ, ಹೊಸದು ಹಾಕಿ.

ಹೊಸದು ಹಾಕುವಾಗ ಮುಕ್ಕಾಲು ಮೀಟರ್ ಆಳ, ಬಂಡಿ ಟ್ರ್ಯಾಕ್ಟರ್ ದಾಟುವ ಕಡೆ ಒಂದು ಮೀಟರ್. ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು, ಎಚ್ಚರಿಕೆಯ ಪಟ್ಟಿ. ಎರೆ ನೆಲದಲ್ಲಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನೊಳಗೆ ಸ್ವಲ್ಪ ಹಾವಿನ ಹಾಗೆ ಸಡಿಲ ಬಿಟ್ಟು ಹಾಕಿ, ಎರಡೂ ಬಾಯಿ ಮುಚ್ಚಿ. ನಡುವೆ ಜಾಯಿಂಟ್ ಬರದ ಹಾಗೆ ಒಂದೇ ತುಂಡು ಕೊಳ್ಳಿ. ಬಾನಿ, ಗಂಜಲದ ಕಾಲುವೆ, ತಿಪ್ಪೆ ಇವುಗಳಿಂದ ದೂರ ಸುತ್ತಿ ಹೋದರೆ ಹತ್ತು ಮೀಟರ್ ಹೆಚ್ಚಾಗಬಹುದು, ಆಗಲಿ. ಮಣ್ಣು ಮುಚ್ಚುವ ಮುಂಚೆ ಮೆಗ್ಗರ್ ಮಾಡಿಸಿ ಬಂದ ಅಂಕಿಯನ್ನೂ, ಗೋಡೆಯಿಂದ ಎಷ್ಟು ಅಡಿಗೆ ಕೇಬಲ್ ಹಾದುಹೋಗಿದೆ ಅನ್ನುವ ಗೆರೆ ಚಿತ್ರವನ್ನೂ ಒಂದು ಹಾಳೆಯಲ್ಲಿ ಬರೆದು ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಇಎಲ್‌ಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ಅವ್ವನೇ ಒತ್ತುತ್ತಾಳೆ.